ಪೂಜೆಗೆ ಮಾತ್ರ ಒಂದು ಕೋವಿ

ಕಸ್ಟಮ್ಸ್‌ನವರ ಫೋನ್ ಬಂದಾಗ ನಾನು ಕತಾರಿನ ಮೆಸಯೀದ್‌ಗೆ ಹೋಗುವ ಕಂಪೆನಿ ಬಸ್ಸಿನಲ್ಲಿದ್ದೆ. ತೊಡೆಯ ಮೇಲೆ ಬುತ್ತಿ, ಕೊರಳಲ್ಲಿ ಪ್ಲಾಂಟಿನ ಗೇಟ್ ಪಾಸ್. ಪಕ್ಕದಲ್ಲಿ ಪುತ್ತೂರಿನ ಸಹೋದ್ಯೋಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಫೋನಿನ ಆ ಕಡೆಯವರು ಬಹಳ ಸೌಜನ್ಯದಿಂದ, ನಿಮ್ಮ ಹೆಸರಿಗೆ ಉದ್ದನೆಯ ಪಾರ್ಸೆಲ್ ಬಂದಿದೆ, ಒಳಗೆ ಏನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗನ್," ಎಂದೆ.

ಬೇರೆ ಯಾರಾಗಿದ್ದರೂ ಗೋಡೆಯ ಅಲಂಕಾರ ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಮರದ ಹಿಡಿ, ತಗಡಿನ ನಳಿಗೆ, ಗೋಡೆಗೆ ತೂಗುಹಾಕಲು ಮಾಡಿದ ಜೋಡುನಳಿಗೆಯ ನಕಲು. ಗುಂಡಿನ ಮಾತಿರಲಿ, ಅದರೊಳಗೆ ಕಡಲೆಕಾಳು ಹಾಕಿದರೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆದರೆ ನಾನು ಕೊಡವ. ನಮ್ಮಲ್ಲಿ ಕೋವಿ ಎಂಬ ಮಾತನ್ನು ಯಾರೂ ದನಿ ತಗ್ಗಿಸಿ ಹೇಳುವುದಿಲ್ಲ. ಮನೆಯಲ್ಲಿ ಕೊಡೆ ಇದೆ ಎಂದಷ್ಟೇ ಸಲೀಸಾಗಿ ಹೇಳುತ್ತೇವೆ. ಆ ಕಡೆಯವರು "ವಾಟ್?" ಎಂದರು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ, "ಗನ್, ಸರ್. ಓನ್ಲಿ ಫಾರ್ ಪೂಜಾ," ಎಂದೆ.

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಪುತ್ತೂರಿನವನು ಎಚ್ಚರಗೊಂಡಿದ್ದ.

"ಎಂಥ ಮಾರಾಯ ನೀನು? ಬೆಳ್ಬೆಳಗ್ಗೆ ಗನ್ ಗನ್ ಅಂತ ಬೊಬ್ಬೆ ಹೊಡೀತಿ? ನಾವು ಹೋಗ್ತಾ ಇರೋದು ಗ್ಯಾಸ್ ಪ್ಲಾಂಟಿಗೆ, ಹಂದಿ ಬೇಟೆಗಲ್ಲ."

"ನಕಲಿ ಕೋವಿ ಅದು."

"ಅದನ್ನು ಅವರಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಮರುದಿನ ಬಂದು ಅಧಿಕಾರಿಯನ್ನು ಕಾಣಬೇಕೆಂದು ಹೇಳಿ ಅವರು ಫೋನ್ ಇಟ್ಟಾಗಿತ್ತು.

ಇದೆಲ್ಲ ಶುರುವಾದದ್ದು ಕೈಲ್ ಪೊಳ್ದ್‌ನಿಂದ. ಅದು ನಮ್ಮ ಆಯುಧಪೂಜೆಯ ಹಬ್ಬ. ಊರಿನಲ್ಲಿ ಮನೆಯ ಕೋವಿಗಳನ್ನು ತೊಳೆದು, ಒರೆಸಿ, ದೇವರ ಕೋಣೆಯಲ್ಲಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎನ್ನುವ ಕೆಂಪು ಹಳದಿ ಹೂ ಸಿಕ್ಕಿಸುತ್ತಾರೆ. ಕತಾರಿನಲ್ಲಿರುವ ನಾವು ಕೆಲವು ಮನೆಯವರು ಮುಐದರ್‌ನ ಒಂದು ವಿಲ್ಲಾದಲ್ಲಿ ಸೇರಿ, ತರಕಾರಿ ಹೆಚ್ಚುವ ಚಾಕುವನ್ನೂ ಕೋವಿಯ ಒಂದು ಫೋಟೋವನ್ನೂ ಇಟ್ಟು ಕೈ ಮುಗಿಯುತ್ತಿದ್ದೆವು. ಈ ಸಲ ನಾನು ವಾಟ್ಸಾಪ್ ಗುಂಪಿನಲ್ಲಿ, ಫೋಟೋ ಬೇಡ, ಕೋವಿಯನ್ನು ನಾನು ತರುತ್ತೇನೆ ಎಂದು ಘೋಷಿಸಿ, ಆ ನಕಲನ್ನು ಆನ್‌ಲೈನಿನಲ್ಲಿ ತರಿಸಿದ್ದೆ.

ಗುಂಪಿನಲ್ಲಿ ಕೋವಿ ಕಾನೂನಿನ ಪಂಡಿತನೂ ನಾನೇ. ಊರಿನಲ್ಲಿ ನಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಅದನ್ನು ಕೋರ್ಟಿನಲ್ಲಿ ಯಾರೋ ಪ್ರಶ್ನಿಸಿದಾಗ ನಾನು ಗುಂಪಿಗೆ ಕಳಿಸಿದ ಸಂದೇಶಗಳು ಎಷ್ಟು ಉದ್ದವಿದ್ದವೆಂದರೆ ಇಬ್ಬರು ಗುಂಪನ್ನೇ ಬಿಟ್ಟಿದ್ದರು. ಕತಾರಿನ ಕಾನೂನನ್ನೂ ಓದಿದೆ, ಅಂದರೆ ಮೊಬೈಲಿನಲ್ಲಿ ಮೊದಲ ಪುಟ ಓದಿದೆ. ಬಂದೂಕಿಗೆ, ಮದ್ದುಗುಂಡಿಗೆ ಅನುಮತಿ ಬೇಕು ಎಂದಿತ್ತು. ನನ್ನದು ಸಿಡಿಯುವುದಿಲ್ಲ, ಸಿಡಿಯದ್ದು ಬಂದೂಕಲ್ಲ. ಎರಡನೆಯ ಪುಟಕ್ಕೆ ಹೋಗುವ ಅಗತ್ಯ ಕಾಣಲಿಲ್ಲ.

ಅಂದು ಬಸ್ಸು ಮೆಸಯೀದ್ ತಲುಪುವವರೆಗೆ ನಾನು ಗೇಟ್ ಪಾಸನ್ನು ಹಿಡಿದುಕೊಂಡೇ ಇದ್ದೆ. ಪೊಲೀಸ್ ಕೇಸ್ ಆದರೆ ಪಾಸ್ ರದ್ದಾಗುತ್ತದೆ. ಪಾಸ್ ಇಲ್ಲದವನಿಗೆ ಪ್ಲಾಂಟಿನೊಳಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಈ ದೇಶದಲ್ಲಿ ವಾಸವಿಲ್ಲ. ಮಗಳ ಶಾಲೆ ಅರ್ಧ ವರ್ಷ ಕಳೆದಿತ್ತು. ಇದನ್ನು ಸಂಜೆ ಹೆಂಡತಿಗೆ ಕ್ರಮವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ನಾಳೆ ಅಲ್ಲಿ ಹೋಗಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ವಿನಾಯಿತಿ ಅನ್ನೋ ಮಾತು ಎತ್ತಬೇಡಿ."

"ಅದೇ ಅಲ್ವಾ ನಮ್ಮ ಆಧಾರ?"

"ನಿಮ್ಮ ಆಧಾರ ಮಡಿಕೇರಿಯಲ್ಲಿದೆ. ನೀವು ಇಲ್ಲಿದ್ದೀರಿ."

ಮರುದಿನ ಆ ಕಚೇರಿಯಲ್ಲಿ ಅಧಿಕಾರಿ ನನ್ನ ಗುರುತಿನ ಚೀಟಿ ತೆಗೆದುಕೊಂಡು ಮೇಜಿನ ಆ ಬದಿಗೆ ಇಟ್ಟುಕೊಂಡರು. ನನ್ನ ಮಟ್ಟಿಗೆ ಆ ಮೇಜು ಸಮುದ್ರದಷ್ಟು ಅಗಲವಾಯಿತು. ಅವರು ಸಣ್ಣ ವಯಸ್ಸಿನವರು, ಬಿಳಿ ಉಡುಪು, ಮಾತು ಕಡಿಮೆ. ಅವರ ಅರಬ್ಬಿಯನ್ನು ಹಿಂದಿಗೆ ತಿರುಗಿಸಲು ಪಕ್ಕದಲ್ಲಿ ಒಬ್ಬ ಮಲಯಾಳಿ ಗುಮಾಸ್ತರು. ನಡುವೆ ನನ್ನ ಕೋವಿ, ಹೊದಿಕೆ ಬಿಚ್ಚಿ ಮಲಗಿಸಿದ್ದು. ಅಲ್ಲಿ ನೋಡಿದಾಗ ಅದು ನನ್ನ ಕಣ್ಣಿಗೂ ನಿಜವಾದದ್ದರಂತೆಯೇ ಕಂಡಿತು.

ಇದು ಯಾಕೆ ಎಂದು ಕೇಳಿದರು. ಪೂಜೆಗೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೆದರಿದಾಗ ನನ್ನ ಬಾಯಿ ಓಡುತ್ತದೆ. ಸರ್, ನಮ್ಮ ಜನರಿಗೆ ಸರ್ಕಾರವೇ ವಿನಾಯಿತಿ ಕೊಟ್ಟಿದೆ, ಲೈಸೆನ್ಸ್ ಬೇಕಿಲ್ಲ, ಮಗ ಹುಟ್ಟಿದರೆ ಗುಂಡು ಹಾರಿಸುತ್ತೇವೆ, ಯಾರಾದರೂ ಸತ್ತರೂ ಹಾರಿಸುತ್ತೇವೆ ಎಂದೆ. ಗುಮಾಸ್ತರು ಅನುವಾದ ನಿಲ್ಲಿಸಿ, ಹಿಂದಿಯಲ್ಲಿ "ಭಾಯಿ, ಇದನ್ನೆಲ್ಲ ಹೇಳಲೇಬೇಕಾ?" ಎಂದು ಪಿಸುಗುಟ್ಟಿದರು. ಹೇಳಲೇಬೇಕು ಎಂದೆ. ಅವರು ಹೇಳಿದರು.

ಅಧಿಕಾರಿಯ ಹುಬ್ಬು ಏರಿತು. ನಂಬುತ್ತಿಲ್ಲವೆಂದು ಭಾವಿಸಿ ನಾನು ಮೊಬೈಲ್ ತೆಗೆದು ಸಾಕ್ಷಿ ತೋರಿಸಿದೆ. ನನ್ನ ಮದುವೆಯ ಫೋಟೋ. ಮಧ್ಯದಲ್ಲಿ ಬಿಳಿಯ ಕುಪ್ಯ, ಅಂದರೆ ನಮ್ಮ ನಿಲುವಂಗಿ, ತೊಟ್ಟ ಮದುಮಗ ನಾನು, ಸುತ್ತ ಕರಿಯ ಕುಪ್ಯದ ಚಿಕ್ಕಪ್ಪಂದಿರು, ಭಾವಂದಿರು, ಎಲ್ಲರೂ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಹೆಗಲಿಗೆ ಕೋವಿ ಏರಿಸಿ ನಿಂತಿದ್ದೇವೆ. ಯಾರೊಬ್ಬರೂ ನಗುತ್ತಿಲ್ಲ.

ಅವರು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದರು.

"ಯಾವ ಸಂಘಟನೆ ಇದು?"

"ನಮ್ಮ ಕುಟುಂಬ, ಸರ್."

ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ಮಗಳಿಗೆ ಮಡಿಕೇರಿಯಲ್ಲಿ ಯಾವ ಶಾಲೆ ಸಿಗಬಹುದೆಂದು ನಾನು ಯೋಚಿಸತೊಡಗಿದೆ.

"ಯಾವುದಕ್ಕೆ ಗುಂಡು ಹೊಡೆದಿದ್ದೀರಿ?"

"ತೆಂಗಿನಕಾಯಿಗೆ, ಸರ್. ಹಬ್ಬದ ದಿನ ಮರಕ್ಕೆ ಕಟ್ಟಿ ಸ್ಪರ್ಧೆ ಇಡ್ತಾರೆ."

"ತಾಗಿತಾ?"

ಇದನ್ನು ನಾನು ಗುಂಪಿನಲ್ಲಿ ಒಪ್ಪಿದವನಲ್ಲ. ಆದರೆ ಗುರುತಿನ ಚೀಟಿ ಆ ಕಡೆಯಿತ್ತು.

"ಇಲ್ಲ, ಸರ್. ಒಂದು ಸಲವೂ ಇಲ್ಲ. ಹೆಂಡತಿ ಹೊಡೆದರೆ ತಾಗುತ್ತದೆ."

ಗುಮಾಸ್ತರು ಇದನ್ನು ಅನುವಾದಿಸುವಾಗಲೇ ನಕ್ಕುಬಿಟ್ಟರು. ಅಧಿಕಾರಿ ನಗಲಿಲ್ಲ, ಆದರೆ ಕೆಳಗೆ ನೋಡಿದರು. ಆಮೇಲೆ ನಿಧಾನವಾಗಿ, ಈ ಸಲ ನೇರ ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮ ಮನೆಯಲ್ಲೂ ಅಜ್ಜನ ಬಂದೂಕು ಇದೆ. ಅದಕ್ಕೆ ಲೈಸೆನ್ಸ್ ಇದೆ. ನಾನು ಇಲ್ಲಿ ಅಧಿಕಾರಿ, ಆದರೂ ಲೈಸೆನ್ಸ್ ಬೇಕು. ನಿಜವಾದದ್ದರಂತೆ ಕಾಣುವ ನಕಲನ್ನೂ ಅನುಮತಿಯಿಲ್ಲದೆ ತರಿಸುವಂತಿಲ್ಲ. ದೂರದಿಂದ ನೋಡುವವನಿಗೆ ಸಿಡಿಯುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು?"

ಬಹುಶಃ ಎರಡನೆಯ ಪುಟದಲ್ಲಿ ಅದೇ ಇತ್ತು.

ಕೋವಿಯನ್ನು ಬಿಟ್ಟುಕೊಟ್ಟು, ಇನ್ನು ಇಂಥದ್ದು ತರಿಸುವುದಿಲ್ಲ ಎಂದು ಸಹಿ ಹಾಕಿದೆ. "ಖಲಾಸ್," ಎಂದು ಅವರು ಗುರುತಿನ ಚೀಟಿಯನ್ನು ನನ್ನ ಕಡೆಗೆ ಸರಿಸಿದರು. ಕೇಸ್ ಇಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಗುಮಾಸ್ತರು ನನ್ನ ತೋಳು ಹಿಡಿದು, "ಯಲ್ಲಾ, ಯಲ್ಲಾ," ಎನ್ನುತ್ತ ಬಾಗಿಲಾಚೆಗೆ ದಾಟಿಸಿದರು. ಹೊರಗೆ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ನಾನು ರಿಮೋಟ್ ಕೀ ಒತ್ತುತ್ತಿದ್ದದ್ದು ಬೇರೆಯವರ ಕಾರಿನ ಮುಂದೆ ನಿಂತು.

ಹಬ್ಬದ ದಿನ ಮುಐದರ್‌ನಲ್ಲಿ ಎಲ್ಲರೂ ನನ್ನ ಕೈ ನೋಡಿದರು. ಕಾರಿನ ಡಿಕ್ಕಿಯನ್ನೂ ನೋಡಿದರು. "ಏನು ವಕೀಲರೇ, ಕೋವಿ ಎಲ್ಲಿ?" ಎಂದು ಮನೆಯ ಹಿರಿಯರು ಕೇಳಿದರು. ಸರ್ಕಾರಕ್ಕೆ ಕೊಟ್ಟೆ ಎಂದೆ. ಹೆಂಡತಿ ಹತ್ತಿರ ಬಂದು, ನನ್ನ ಕೊರಳಿನಿಂದ ಗೇಟ್ ಪಾಸ್ ತೆಗೆದಳು. ಆ ವಾರವಿಡೀ ಅದನ್ನು ನಾನು ರಜೆಯ ದಿನವೂ ಬಿಚ್ಚಿರಲಿಲ್ಲ. ಅದನ್ನು ಕೋವಿಯ ಫೋಟೋದ ಪಕ್ಕ, ಚಾಕುವಿನ ಮುಂದೆ ಇಟ್ಟು ಗಂಧ ಹಚ್ಚಿ, ಪ್ಲಾಸ್ಟಿಕ್ಕಿನ ತೋಕ್ ಪೂ ಏರಿಸಿದಳು. ಯಾರೋ ನಕ್ಕರು. ನಾನು ಮಾತ್ರ ಯಾವ ವರ್ಷವೂ ಇರದಷ್ಟು ಭಕ್ತಿಯಿಂದ ಕೈ ಮುಗಿದೆ.

ಮರುದಿನ ಮೆಸಯೀದ್‌ನ ಗೇಟಿನಲ್ಲಿ ಪಾಸ್ ಓದುವ ಯಂತ್ರ ಕೆಂಪು ದೀಪ ತೋರಿಸಿತು. ಕಾವಲಿನವನು ಪಾಸ್ ಕೈಗೆತ್ತಿಕೊಂಡು, ಒಣಗಿದ ಗಂಧವನ್ನು ಉಗುರಿನಿಂದ ಕೆರೆದು, ಇದೇನು ಎಂದು ಕೇಳಿದ. ಹಿಂದೆ ಸಾಲಿನಲ್ಲಿದ್ದ ಪುತ್ತೂರಿನವನು ನನ್ನ ಬೆನ್ನಿಗೆ ತಿವಿದ.

"ಸಾಂಬಾರ್," ಎಂದೆ.

ಪಾಸನ್ನು ಪ್ಯಾಂಟಿಗೆ ಒರೆಸಿ ಮತ್ತೆ ತೋರಿಸಿದೆ. ಹಸಿರು ದೀಪ ಬಂತು. ಬೇರೇನೂ ಹೇಳದೆ ಒಳಗೆ ಹೋದೆ.