ಮರಿಯಮಬೀಯ ಆಡಿನ ಹಲ್ಲು

ಡಾಬಕಾ ಊರಿನ ಕುರಿಗಾರರ ಮನೆಯ ಜನಾಬಾಯಿ ಕುರಿಯ ಬಾಯೊಳಗೆ ಬೆರಳಾಡಿಸಿದಳೆಂದರೆ ಸಾಕು, ಅದರ ವಯಸ್ಸು ಹೇಳಿಬಿಡುತ್ತಿದ್ದಳು. ಆದರೆ ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು: ಮಾರಾಟಕ್ಕೆ ನಿಂತ ಪ್ರಾಣಿಯ ಬಾಯಿ ಮಾತ್ರ ತೆರೆಯಬೇಕು. ಹಲ್ಲು ನೋಡುವುದೆಂದರೆ ಬೆಲೆ ಕಟ್ಟಿದಂತೆ, ನಂಬಿ ಬಿಟ್ಟುಹೋದ ಜೀವಕ್ಕೆ ಬೆಲೆ ಕಟ್ಟಬಾರದು. ಒಳ್ಳೆಯ ಕಟ್ಟಳೆಯೇ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಒಂದು ಜೀವ ತೆಗೆಯುವುದರಲ್ಲಿತ್ತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ಭಾದ್ರಪದ. ಊರೂರಿಗೂ ಹೆದರಿಕೆ ಹಬ್ಬಿತ್ತು, ಮುಸಲ್ಮಾನರ ಮನೆಗಳಲ್ಲಂತೂ ಇನ್ನೂ ಹೆಚ್ಚು. ಪಕ್ಕದ ಮನೆಯ ಮರಿಯಮಬೀ ಗಂಡ ಸುಭಾನನ ಜೊತೆ ಬೀದರಿನ ತಂಗಿಯ ಮನೆಗೆ ಹೊರಟವಳು, ತನ್ನ ಕರಿ ಆಡಿನ ಹಗ್ಗವನ್ನು ಜನಾಬಾಯಿಯ ಕೈಗಿಟ್ಟಳು.

“ಅಕ್ಕಾ, ನಾ ಬರೋತನಕ ಇದನ್ನ ಸಂಭಾಳಿಸು.”

ಅಷ್ಟೇ ಹೇಳಿ ಹೋದಳು. ಮಕ್ಕಳಿಲ್ಲದ ಆಕೆಗೆ ಆ ಆಡೇ ಮಗಳಾಗಿತ್ತು.

ಆಡು ಮೇವು ತಿನ್ನಲಿಲ್ಲ. ಜೋಳದ ಕಣಿಕೆ ಹಾಕಿದರೆ ಬಾಯಲ್ಲಿ ಹಿಡಿದು ಎಳೆದಾಡಿ ಕೆಳಗೆ ಬಿಡುತ್ತಿತ್ತು. ಒಡತಿಯನ್ನು ನೆನೆದು ಕೊರಗುತ್ತಿದೆ ಎಂದುಕೊಂಡು ಜನಾಬಾಯಿ ಅದರ ಕೊರಳು ತಬ್ಬಿ ಕೂಡುತ್ತಿದ್ದಳು. ದಿನ ಕಳೆದಂತೆ ಪಕ್ಕೆಲುಬುಗಳು ಎದ್ದು ಕಂಡವು.

“ಒಮ್ಮಿ ಹಲ್ಲು ನೋಡು ಅಂದ್ರ ನೋಡವಲ್ಲಿ,” ಗಂಡ ಹಣಮಂತಪ್ಪ ರೇಗಿದ.

“ನಂಬಿ ಕೊಟ್ಟಾಕಿ ಆಡಿಗಿ ನಾ ಕಿಮ್ಮತ್ತು ಕಟ್ಟಲೇನ್ರಿ?”

ಒಂದು ಮುಂಜಾನೆ ಅದರ ಮುಂದೆ ಜೋಳದ ಕಾಳು ಸುರಿದಳು. ಕೋಳಿಗಳು ನುಗ್ಗಿ ಕೊಕ್ಕಿನಿಂದ ಕುಕ್ಕಿ ಕುಕ್ಕಿ ಕಾಳನ್ನು ಇಡಿಯಾಗಿಯೇ ನುಂಗತೊಡಗಿದವು. ಆಡೂ ಆಸೆಯಿಂದ ತುಟಿಯಲ್ಲಿ ಬಾಚಿಕೊಂಡಿತು. ಅಗಿಯಲಾಗದೆ ಅಷ್ಟನ್ನೂ ಉದುರಿಸಿತು. ಕೊರಗುವ ಜೀವಕ್ಕೆ ಇಷ್ಟು ಹಸಿವೆಲ್ಲಿಯದು? ಕೋಳಿಗೆ ಹಲ್ಲಿಲ್ಲದಿದ್ದರೂ ನಡೆಯುತ್ತದೆ, ನುಂಗಿದ ಹರಳುಗಳೇ ಒಳಗೆ ಕಾಳು ಅರೆಯುತ್ತವೆ. ಆಡಿಗೆ ಹಾಗಲ್ಲ; ಮೇಲೆ ಮುಂದಿನ ಹಲ್ಲೇ ಇರುವುದಿಲ್ಲ. ಕೆಳಗಿನ ಹಲ್ಲನ್ನು ಮೇಲಿನ ವಸಡಿಗೆ ಒತ್ತಿ ಮೇವು ಹರಿಯಬೇಕು, ದವಡೆಯಲ್ಲಿ ಅರೆಯಬೇಕು. ಕಟ್ಟಳೆ ಹಾಳಾಗಲಿ ಎಂದು ಜನಾಬಾಯಿ ಅದರ ಬಾಯಿ ತೆರೆದಳು. ಕೆಳಗಿನ ಸಾಲು ಖಾಲಿಯಾಗಿತ್ತು, ದವಡೆಯ ಹಲ್ಲುಗಳೂ ಸವೆದಿದ್ದವು.

ಅಂದಿನಿಂದ ಜೋಳ ಒಡೆದು ನೆನೆಸಿಟ್ಟಳು, ಎಳೆ ಚಿಗುರು ಚಿವುಟಿ ಬಾಯಿಗಿಟ್ಟಳು. ಮುದಿ ಆಡಿಗೆ ಬಾಣಂತನ ನಡೆದಿದೆ ಎಂದು ಓಣಿಯೆಲ್ಲ ನಕ್ಕಿತು. ನಗುವವರಿಗೇನು, ಹಲ್ಲಿದ್ದವು, ನಕ್ಕರು. ಆಡು ಮೆಲ್ಲಗೆ ಮೈ ತುಂಬಿಕೊಂಡಿತು.

ಎಳ್ಳಮಾವಾಸ್ಯೆ ಕಳೆದ ಮೇಲೆ ಮರಿಯಮಬೀ ಗಂಡನೊಂದಿಗೆ ತಿರುಗಿ ಬಂದಳು. ಸುಭಾನ ಬೀಗ ತೆಗೆಯಲು ಹೋದ; ಇವಳು ಜನಾಬಾಯಿಯ ಮನೆಯ ಹೊರಗೆ ಕಟ್ಟಿದ್ದ ಆಡಿನ ಮುಖಕ್ಕೆ ಮುಖ ಒತ್ತಿ ಅತ್ತಳು.

“ತಪ್ಪಾತವ್ವ, ನಿನ್ನ ಆಡಿನ ಬಾಯಿ ತೆರೆದು ನೋಡೀನಿ. ಹಲ್ಲಿಲ್ಲ ಇದಕ್ಕ,” ಎಂದಳು ಜನಾಬಾಯಿ.

ಮರಿಯಮಬೀ ತಲೆಯೆತ್ತಲಿಲ್ಲ. “ನಂಗ ಗೊತ್ತಿತ್ತಕ್ಕಾ. ದಿನಾ ನಾನೇ ಕುಟ್ಟಿ ಹಾಕ್ತಿದ್ದೆ. ಹಲ್ಲಿಲ್ಲ ಅಂದ್ರ ನೀ ಇಟ್ಕೊಳ್ಳಲಿಕ್ಕಿಲ್ಲ ಅಂತ ಹೆದರಿ ಹೇಳಲಿಲ್ಲ. ಆಮ್ಯಾಲ ಬಾಯಿ ನೋಡಿ ನೀನೇ ತಿಳ್ಕೋತಿ ಅಂದ್ಕೊಂಡಿದ್ದೆ. ಆವತ್ತು ಯಾರನ್ನ ನಂಬಬೇಕು, ತಿಳೀಲೇ ಇಲ್ಲ.”

ಗೋಡೆಗೆ ಗೋಡೆ ಹಚ್ಚಿ ಬಾಳಿದವಳ ಬಾಯಲ್ಲಿ ಇಂಥ ಮಾತು! ಬೈಯಬೇಕೆಂದು ಜನಾಬಾಯಿ ಬಾಯಿ ತೆರೆದಳು, ಅಳು ಬಂತು.

“ಹುಚ್ಚಿ, ಹೇಳಿದ್ರ ಅದು ಅಷ್ಟು ದಿನ ಉಪವಾಸ ಬೀಳ್ತಿರಲಿಲ್ಲಲ್ಲ,” ಎಂದು ಹೊಸಿಲಾಚೆ ನಿಂತಿದ್ದವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.