ವಜೂ ಆಗೋತನಕ

ಹಾರೂಗೇರಿಯ ಮಸೀದಿ ಮುಂದೆ ಕೈಪಂಪು ಬಿಚ್ಚಿಕೊಂಡು ಕೂತಿದ್ದೆ. ನಮಾಜಿಗೆ ಬಂದ ಇಬ್ಬರು ತರುಣರು ಕುರಾನಿನ ಒಂದು ಆಯತ್ತಿಗಾಗಿ, ಒಂದೇ ಒಂದು ವಾಕ್ಯಕ್ಕಾಗಿ, ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಿದ್ದರು.

“ಕೊಲ್ಲು ಅಂತ ಐತಿ, ಕ್ಯಾಸೆಟ್‌ನ್ಯಾಗ ಕೇಳೇನಿ!”

“ಅದು ಯುದ್ಧದಾಗಿನ ಮಾತಲೇ!”

ಮುದುಕ ಮೌಲವಿ ಹೊರಗೆ ಬಂದರು. “ತಗದ ನೋಡೂಣು. ಆದ್ರ ಕುರಾನ್ ಮುಟ್ಟಾಕ ಮೊದಲ ಕೈಕಾಲು ಮಾರಿ ತೊಳದ ವಜೂ ಆಗಬೇಕು. ನೀರ ಬರೋತನಕ ಸುಮ್ಕ ಮಿಸ್ತ್ರಿಗೆ ಕೈ ಹಚ್ಚರಿ.”

ಕೊರಳಪಟ್ಟಿ ಬಿಟ್ಟ ಕೈಗಳು ನನ್ನ ಪೈಪು ಹಿಡಿದವು. ಒಬ್ಬ ಕೈಬಿಟ್ಟರೆ ಇನ್ನೊಬ್ಬನ ಕಾಲು ಮುರಿಯುವಷ್ಟು ಭಾರ. ನೀರು ಬಂತು, ಇಬ್ಬರೂ ತೊಳೆದುಕೊಂಡರು. ಮೌಲವಿ ಜಗಳದ ಆಯತ್ತಿನ ಹಿಂದಿನದರಿಂದ ಓದಿ ಅರ್ಥ ಹೇಳಿದರು: ಮೇಲೆ ಬಿದ್ದವರೊಡನೆ ಮಾತ್ರ ಹೋರಾಟ, ಅಲ್ಲೂ ಹದ್ದು ಮೀರುವಂತಿಲ್ಲ. ಮುಖದ ನೀರು ಸಹ ಒರೆಸಿಕೊಳ್ಳದೆ ಇಬ್ಬರೂ ಕೇಳುತ್ತಿದ್ದರು.

ಅಂದಿನಿಂದ, ಜಗಳ ನಡೆದಲ್ಲಿ ನಾನು ಪಂಪನ್ನು ಬೇಗ ರಿಪೇರಿ ಮಾಡುವುದಿಲ್ಲ.