ಗಾಳಿಕಿಂಡಿಗೆ ಬಲೆಯ ಬೆಂಡು

ನನ್ನ ಬೈಕಿನ ಗಾಳಿಕಿಂಡಿಗಳು ಸಡಿಲವಾದ ಸುದ್ದಿಯನ್ನು ನಾನು ಯಾರಿಗೂ ಹೇಳಬೇಕಾಗಿರಲಿಲ್ಲ, ಅವೇ ಊರಿಗೆಲ್ಲ ಸಾರುತ್ತಿದ್ದವು. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಬೈಕು ಅದು. ಮುಂದಿನ ಗಾಜಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಪ್ಲಾಸ್ಟಿಕ್ ಬಾಗಿಲು. ಸೆಕೆಯಾದರೆ ತೆರೆಯಬೇಕು, ಮಳೆ ಬಂದರೆ ಮುಚ್ಚಬೇಕು. ಅವುಗಳ ಕೀಲು ಸವೆದು, ಬಾಡ ಎಂಬ ನಮ್ಮೂರಿನ ಮನೆಯಿಂದ ಕುಮಟಾದ ಶಾಲೆಯವರೆಗೂ ಕಟಕಟ, ಕಟಕಟ. ಟೀಚರ್ ಬರುವುದು ಹೀಗೆ ಮೊದಲೇ ಗೊತ್ತಾಗುವುದರಿಂದ ನನ್ನ ತರಗತಿಯ ಮಕ್ಕಳಿಗೆ ಮಾತ್ರ ಬಹಳ ಅನುಕೂಲವಾಗಿತ್ತು.

ನಾನೂ ಸಹಿಸಿಕೊಂಡಿದ್ದೆ. ಸಹಿಸದವನು ಅಪ್ಪ. ಅರ್ಧ ಆಯುಷ್ಯ ಮೀನುಬೋಟಿನ ಚುಕ್ಕಾಣಿ ಹಿಡಿದವನಿಗೆ ಎರಡು ನಿಯಮ. ಶಬ್ದ ಮಾಡುವ ಬೋಟು ದಡ ಬಿಡಬಾರದು. ಚುಕ್ಕಾಣಿ ಬೇರೆಯವರ ಕೈಯಲ್ಲಿದ್ದರೆ ಕಣ್ಣು ಮುಚ್ಚಬಾರದು. ಎರಡನೆಯದನ್ನು ಬಸ್ಸಿನಲ್ಲೂ ಪಾಲಿಸುತ್ತಾನೆ, ಮಹರಾಯ. ಡ್ರೈವರನ ಹಿಂದಿನ ಸೀಟಿನಲ್ಲೇ ಕೂತು, ಪ್ರತಿ ತಿರುವಿಗೂ ತಾನೇ ಕಾಲಿನಿಂದ ಬ್ರೇಕು ಒತ್ತುತ್ತಾನೆ.

ಆಗಲೇ ಭಟ್ಕಳದಿಂದ ಅತ್ತೆಯ ಫೋನು ಬಂತು. ಅಪ್ಪನ ಅಕ್ಕ. ಹೊಸ ಮನೆ ಒಕ್ಕಲು, ಇಬ್ಬರೂ ಬರಲೇಬೇಕು ಎಂದಳು. ಬೈಕು ಮನೆಗೆ ಬಂದ ಮೇಲೆ ಅಪ್ಪ ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ. ಈ ಸಲ ಕೂರಿಸಿಕೊಂಡೇ ಹೋಗಬೇಕೆಂದು ನನಗೆ ಹಠ. ನಿಜ ಹೇಳಬೇಕೆಂದರೆ ಹಠಕ್ಕಿಂತ ಆಸೆಯೇ ಹೆಚ್ಚು.

"ಆ ಕಟಕಟ ನಿಂತ್ರೆ ಬರ್ತೆ," ಎಂದ ಅಪ್ಪ. "ಇಲ್ಲದಿದ್ರೆ ನಂಗೆ ಬಸ್ಸು ಅದೆಯಲ್ಲ."

ಸರ್ವಿಸ್‌ನವರನ್ನು ಕೇಳಿದರೆ, ಬಾಗಿಲು ಮಾತ್ರ ಸಿಗುವುದಿಲ್ಲ, ಮುಂದಿನ ಹೊದಿಕೆಯನ್ನೇ ಬದಲಿಸಬೇಕು ಎಂದರು. ಮೂಗಿಗಿಂತ ಮೂಗುತಿ ಭಾರ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಸ್ಕ್ರೂಡ್ರೈವರ್ ಹಿಡಿಯುವವಳು.

ಮೊದಲು ಎರಡೂ ಬದಿ ಅಂಟುವ ಸ್ಪಂಜಿನ ಟೇಪು ಹಚ್ಚಿದೆ. ನಮ್ಮ ಕಡಲ ಸೆಕೆಗೆ ಅಂಟು ಕರಗಿ, ಶಾಲೆ ಮುಟ್ಟುವಷ್ಟರಲ್ಲಿ ಟೇಪು ನಾಲಗೆ ಚಾಚಿಕೊಂಡು ನೇತಾಡುತ್ತಿತ್ತು. ಆಮೇಲೆ ಸೋರುವ ನಲ್ಲಿಗೆ ಕಲಸಿ ಹಚ್ಚುವ ಸೀಲನ್ನು ಕೀಲಿಗೆ ಮೆತ್ತಿದೆ. ಶಬ್ದ ನಿಂತಿತು, ಬಾಗಿಲೂ ನಿಂತಿತು. ತೆರೆಯಲೇ ಆಗದು. ಮಧ್ಯಾಹ್ನದ ಬಿಸಿಲಿನಲ್ಲಿ ಎಂಜಿನ್ನಿನ ಶಾಖಕ್ಕೆ ಮೊಣಕಾಲು ಬೆಂದು, ಮನೆಗೆ ಬಂದವಳೇ ಅದನ್ನು ಕೆರೆದು ತೆಗೆದೆ.

"ಆತಾ?" ಎಂದು ಅಪ್ಪ ಜಗಲಿಯಿಂದಲೇ ಕೇಳಿದ.

"ಆತು, ಆತು. ನೀ ಸುಮ್ನೆ ಕೂತ್ಕೋ."

ಅವನು ಕೂತದ್ದು ಹಳೆಯ ಬಲೆಯ ರಾಶಿಯ ಪಕ್ಕದಲ್ಲಿ. ಬಲೆ ಮುಳುಗದಂತೆ ಅಂಚಿಗೆ ಕಟ್ಟುವ ಬೆಂಡುಗಳು ಅದರಲ್ಲಿ ಬೇಕಾದಷ್ಟಿದ್ದವು. ಮೆತ್ತಗೆ, ಹಗುರ, ಉಪ್ಪುನೀರಿಗೆ ಜಗ್ಗುವುದಿಲ್ಲ. ಒಂದನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಿ, ಬಾಗಿಲಿನ ಅಂಚಿಗೂ ಕೀಲಿನ ಸಂದಿಗೂ ಸಿಕ್ಕಿಸಿದೆ. ಬಾಗಿಲು ತೆರೆಯಿತು, ಮುಚ್ಚಿತು, ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಶಾಲೆಯವರೆಗೂ ಒಂದು ಕಟ್ ಎನ್ನಲಿಲ್ಲ. ನನಗೆ ಕುಣಿಯುವಷ್ಟು ಸಂತೋಷ.

ಸ್ಟಾಫ್ ರೂಮಿನಲ್ಲಿ ಪಕ್ಕದ ಟೀಚರು ಮೂಗು ಅರಳಿಸಿ ಕೇಳಿದರು, "ಇವತ್ತು ಡಬ್ಬಿಗೆ ಎಂತದ್ರೀ, ಬಂಗಡೆಯಾ?"

ಡಬ್ಬಿಯಲ್ಲಿ ಇದ್ದದ್ದು ಉಪ್ಪಿಟ್ಟು. ವರ್ಷಗಟ್ಟಲೆ ಮೀನಿನ ನೀರು ಕುಡಿದ ಬೆಂಡು, ಕಿಂಡಿ ತೆರೆದಷ್ಟು ಹೊತ್ತೂ ನನ್ನ ಮೇಲೆ ಬಂಗಡೆಯ ಗಾಳಿಯನ್ನೇ ಬೀಸಿತ್ತು. ಮನೆಯಲ್ಲಿ ನಮಗೆ ಗೊತ್ತಾಗುವುದಾದರೂ ಹೇಗೆ? ಹುಟ್ಟಿದಾರಭ್ಯ ಉಸಿರಾಡಿದ್ದೇ ಆ ವಾಸನೆಯನ್ನು. ಸೋಪು ಹಾಕಿದೆ, ಲಿಂಬೆಹುಳಿ ತಿಕ್ಕಿದೆ. ಬೆಂಡು ಲಿಂಬೆ ಹಿಂಡಿದ ಬಂಗಡೆಯಾಯಿತೇ ಹೊರತು ಬೇರೇನೂ ಆಗಲಿಲ್ಲ. ನಮ್ಮ ಓಣಿಯ ಬೆಕ್ಕುಗಳೆಲ್ಲ ಬೈಕಿನ ಕೆಳಗೇ ಸಂಸಾರ ಹೂಡಿದವು.

ಅಪ್ಪ ಮಾತ್ರ ಬೈಕನ್ನು ಅಲುಗಾಡಿಸಿ, ಕಿವಿ ಕೊಟ್ಟು, ಮೂಸಿ ನೋಡಿ, "ಈಗ ಸರಿಯಾದ ಗಾಡಿ ಹಾಂಗೆ ಅದೆ, ನಡೆ," ಎಂದ.

ಗೃಹಪ್ರವೇಶದ ದಿನ ಹೊಸ ಬಟ್ಟೆಗೆ ವಾಸನೆ ಹಿಡಿಯದಿರಲೆಂದು ಎರಡೂ ಕಿಂಡಿ ಮುಚ್ಚಿಕೊಂಡೇ ಹೊರಟೆ. ಹೊನ್ನಾವರದವರೆಗೆ ಅಪ್ಪ ಹಿಂದಿನಿಂದ ಚುಕ್ಕಾಣಿ ಬಿಡಲಿಲ್ಲ. "ಲಾರಿ ಬಂತು", "ನಿಧಾನ", "ಹೊಂಡ ಅದೆ". ಶರಾವತಿ ಸೇತುವೆ ದಾಟಿದ ಮೇಲೆ ಮಾತು ನಿಂತಿತು. ಅಪ್ಸರಕೊಂಡದ ತಿರುವು ಕಳೆದು ಸ್ವಲ್ಪ ದೂರ ಹೋಗಿರಬೇಕು, ಟಕ್ ಎಂದಿತು. ಮತ್ತೆ ಟಕ್, ಟಕ್.

ಬೆಂಡು ಬಿತ್ತು, ಇನ್ನು ಇವನು ಇಳಿದು ಬಸ್ಸು ಹತ್ತುತ್ತಾನೆ ಎಂದುಕೊಂಡು ವೇಗ ಇಳಿಸಿ ರಸ್ತೆಯಂಚಿಗೆ ನಿಲ್ಲಿಸಿದೆ. ಬೆರಳಿನಿಂದ ಅಲ್ಲಾಡಿಸಿದರೆ ಬಾಗಿಲುಗಳು ಮಿಸುಕಲಿಲ್ಲ. ಆಗ ನನ್ನ ಹೆಲ್ಮೆಟ್ಟಿಗೆ ಹಿಂದಿನಿಂದ ಇನ್ನೊಮ್ಮೆ ಟಕ್. ಅಪ್ಪನ ಹೆಲ್ಮೆಟ್ಟು. ತೂಕಡಿಸಿ ತೂಕಡಿಸಿ, ಕೊನೆಗೆ ನನ್ನ ಭುಜದ ಮೇಲೆ ಭಾರ ಹಾಕಿ ಗೊರಕೆ ಹೊಡೆಯುತ್ತಿದ್ದ.

ಅವನನ್ನು ಎಬ್ಬಿಸಲು ಮನಸ್ಸೇ ಬರಲಿಲ್ಲ. ಆದರೂ ನಿದ್ದೆಯಲ್ಲಿ ಬಿದ್ದರೆ ಎಂದು ಹೆದರಿ ಮೊಣಕಾಲು ತಟ್ಟಿದೆ.

"ಅಪ್ಪಾ, ನಿದ್ದೆ ಮಾಡ್ದ್ಯಾ?"

"ನಿದ್ದೆ ಎಂತದೇ? ಆ ನಿನ್ನ ಕಿಂಡಿಯಿಂದ ಗಾಳಿ ಹೊಡೀತು, ಕಣ್ಣು ಮುಚ್ಕಂಡೆ."

ಎರಡೂ ಕಿಂಡಿ ನಾನು ಮುಚ್ಚಿದ ಹಾಗೆಯೇ ಇದ್ದವು. ಮುಂದೆ ಸಿಕ್ಕಿದ ಅಂಗಡಿಯಲ್ಲಿ ಅವನಿಗೆ ಒಂದು ಖಡಕ್ ಚಹಾ ಕುಡಿಸಿದೆ. ಬೈಕು ತಂದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.